ಎರಡು ಸೀಸೆಗಳು

ಮೂವತ್ತು ವರ್ಷ ಕರಿಹಲಗೆಯ ಮುಂದೆ ನಿಂತವಳ ಮೊಣಕಾಲು ದೂರು ಹೇಳದೆ ಇದ್ದೀತೆ? ಹೋದ ದೀಪಾವಳಿಗೆ ಬೆಂಗಳೂರಿನಿಂದ ಬಂದಿದ್ದ ತಂಗಿಯ ಮಗ, ನಾನು ಗೋಡೆ ಹಿಡಿದು ಮೆಟ್ಟಿಲು ಹತ್ತುವುದನ್ನು ನೋಡಿ ಮರುಗಿದ. ಬ್ಯಾಗಿನಿಂದ ಬಿಳಿ ಪುಡಿಯ ಎರಡು ಪುಟ್ಟ ಸೀಸೆ ತೆಗೆದಿಟ್ಟ.

"ದೊಡ್ಡಮ್ಮ, ಇವು ಪೆಪ್ಟೈಡು. ಒಂದು ಗಾಯ ಮಾಯಿಸುತ್ತೆ, ಇನ್ನೊಂದು ಊತ ಇಳಿಸುತ್ತೆ. ಎರಡೂ ಸೇರಿದ್ರೆ ಬೇಗ ಗುಣ. ಇಂಜೆಕ್ಷನ್ ನಾನೇ ಕೊಡ್ತೀನಿ."

ಪೆಪ್ಟೈಡ್ ಎಂದರೆ ಅಮೈನೋ ಆಮ್ಲಗಳನ್ನು ಮಣಿಗಳಂತೆ ಪೋಣಿಸಿದ ಸರ. 1922ರಿಂದ ಜೀವ ಉಳಿಸುತ್ತಿರುವ ಇನ್ಸುಲಿನ್ ಕೂಡ 51 ಮಣಿಗಳ ಅಂಥದೇ ವಸ್ತು. ಹಾಗಾಗಿ ಹೆಸರಿಗೆ ನಾನು ಹೆದರಲಿಲ್ಲ. ಇವನು ತಂದದ್ದು 15 ಮಣಿಗಳ ಬಿಪಿಸಿ-157, ಮೂರೇ ಮಣಿಗಳ ಕೆಪಿವಿ. ಕನ್ನಡಕ ಹಾಕಿಕೊಂಡು ಚೀಟಿ ಓದಿದೆ. 'ಸಂಶೋಧನೆಗೆ ಮಾತ್ರ' ಎಂದಿತ್ತು. "ಅದು ಸುಮ್ಮನೆ ಬರೀತಾರೆ" ಎಂದ. ನೋವಿನವರಿಗೆ ಆಸೆ ಹೆಚ್ಚು, ನಾನೂ ನಂಬಿದೆ. ಆದರೂ ಮರುದಿನ ಸೀಸೆಗಳನ್ನು ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡು ನನ್ನ ಡಾಕ್ಟರಮ್ಮನ ಬಳಿ ಹೋದೆ.

ಅವರು ಕೇಳಿದ್ದು ಒಂದೇ ಪ್ರಶ್ನೆ: "ನಿಮ್ಮ ಆಪರೇಷನ್ ವಿಷಯ ಆ ಹುಡುಗನಿಗೆ ಗೊತ್ತೇನ್ರಿ?"

ಒಂಬತ್ತು ವರ್ಷದ ಹಿಂದೆ ನನ್ನ ಎದೆಯ ಕ್ಯಾನ್ಸರ್ ಗಡ್ಡೆ ತೆಗೆದಿದ್ದರು. ಮಕ್ಕಳಿಗೆ ತಿಳಿಯುವುದು ಬೇಡವೆಂದು ನಾನೂ ತಂಗಿಯೂ ಮುಚ್ಚಿಟ್ಟಿದ್ದೆವು.

ಡಾಕ್ಟರಮ್ಮ ಬಿಡಿಸಿ ಹೇಳಿದರು. ಬಿಪಿಸಿ ಕೊಟ್ಟ ಇಲಿಗಳ ಗಾಯದ ಸುತ್ತ ಹೊಸ ರಕ್ತನಾಳಗಳು ಬೆಳೆಯುತ್ತವೆ. ಗಾಯ ಮಾಯಲು ಅವು ಬೇಕು. ಆದರೆ ಕ್ಯಾನ್ಸರ್ ಗಡ್ಡೆ ಬೆಳೆಯಲೂ ಅವೇ ಬೇಕು. ಅದರಿಂದ ಕ್ಯಾನ್ಸರ್ ಬರುತ್ತದೆಂದು ಸಾಬೀತಾಗಿಲ್ಲ, ಬರುವುದಿಲ್ಲವೆಂದೂ ಸಾಬೀತಾಗಿಲ್ಲ. ಇನ್ನು ಊತ, ಕೆಂಪು, ಜ್ವರ ಸೋಂಕಿನ ಸೂಚನೆಗಳು. ಊತ ಇಳಿಸುವ ಮದ್ದು ಅವನ್ನು ಮರೆಮಾಡಬಹುದು. ಎರಡನ್ನೂ ಒಟ್ಟಿಗೆ ಚುಚ್ಚಿಕೊಂಡು ಮೈಯೆಲ್ಲ ದದ್ದೆದ್ದರೆ ಯಾವುದನ್ನು ದೂರುವುದು? ಪುಡಿ ಶುದ್ಧವೆಂದು ಹೇಳುವವರಾದರೂ ಯಾರು? ಕ್ರೀಡಾಪಟುಗಳಿಗೆ ಬಿಪಿಸಿ 2022ರಲ್ಲೇ ನಿಷೇಧವಾಯಿತು. 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎರಡನ್ನೂ ಸುರಕ್ಷತೆಯ ಆತಂಕವಿರುವ ವಸ್ತುಗಳ ಸಾಲಿಗೆ ಸೇರಿಸಿತು.

ನನಗೆ ಅಜ್ಜಿಯ ನೆನಪಾಯಿತು. ಜೇನು ಒಳ್ಳೆಯದು, ತುಪ್ಪ ಒಳ್ಳೆಯದು. ಆದರೆ ಎರಡನ್ನೂ ಸಮಸಮ ಬೆರೆಸಿ ಮಗುವಿಗೆ ನೆಕ್ಕಿಸಲು ಅವಳು ಬಿಡುತ್ತಿರಲಿಲ್ಲ.

ಮನೆಗೆ ಬಂದು ಹುಡುಗನನ್ನು ಕೂರಿಸಿಕೊಂಡು ಎಲ್ಲ ಹೇಳಿದೆ. ಅವನ ಮುಖ ಸಪ್ಪಗಾಯಿತು. "ಮೊದಲೇ ಹೇಳಬಾರದಿತ್ತಾ ದೊಡ್ಡಮ್ಮ?" ಎಂದ. ಸ್ವಲ್ಪ ಹೊತ್ತು ಬಿಟ್ಟು, ಭುಜದ ನೋವಿಗೆ ತಾನೂ ಎರಡು ತಿಂಗಳಿಂದ ಅವನ್ನೇ ಚುಚ್ಚಿಕೊಳ್ಳುತ್ತಿರುವುದಾಗಿ ಒಪ್ಪಿಕೊಂಡ. ಮುಚ್ಚಿಡುವುದನ್ನು ಅವನಿಗೆ ಕಲಿಸಿದವರು ನಾವೇ ತಾನೆ?

ಮಾರನೆಯ ದಿನ ಇಬ್ಬರೂ ಡಾಕ್ಟರಮ್ಮನಲ್ಲಿಗೆ ಹೋದೆವು. ಈಗ ದಿನಾ ಬೆಳಿಗ್ಗೆ ಕಾಲಿಗೆ ಮರಳಿನ ಚೀಲ ಕಟ್ಟಿಕೊಂಡು ವ್ಯಾಯಾಮ ಮಾಡುತ್ತೇನೆ. ನೋವು ಪೂರ್ತಿ ಹೋಗಿಲ್ಲ. ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುವುದು ಮಾತ್ರ ಕಡಿಮೆಯಾಗಿದೆ.