ರಾತ್ರಿ ಎರಡಕ್ಕೆ ಯಾರಿರ್ತಾರೆ?

ನಮ್ಮ ಬಳಗದಲ್ಲಿ ಏನನ್ನಾದರೂ ‘ಹೋಗಿ ನೋಡಿಕೊಂಡು ಬರುವ’ ಕೆಲಸ ಹುಟ್ಟಿತೆಂದರೆ ಎಲ್ಲರಿಗೂ ನನ್ನ ಹೆಸರೇ ನೆನಪಾಗುತ್ತದೆ. ಮದುವೆ ಛತ್ರ, ಬಿಡಿಎ ಸೈಟು, ಸೆಕೆಂಡ್ ಹ್ಯಾಂಡ್ ಮಾರುತಿ ಕಾರು, ಅರಸೀಕೆರೆಯಲ್ಲೊಬ್ಬ ವರ, ಇಷ್ಟನ್ನೂ ನೋಡಿ ಬಂದವನು ನಾನು. ವರನ ವಿಷಯದಲ್ಲಿ ನನ್ನ ವರದಿಯನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಗಂಡ ಹೆಂಡತಿ ಸುಖವಾಗಿದ್ದಾರೆ. ಈ ಅನುಭವದ ಬಲದ ಮೇಲೆ ಸೋದರತ್ತೆಗಾಗಿ ಹಾಸ್ಪೈಸ್, ಅಂದರೆ ಕೊನೆಗಾಲದ ರೋಗಿಗಳನ್ನು ನೋಡಿಕೊಳ್ಳುವ ಮನೆ, ನೋಡುವ ಕೆಲಸವೂ ನನ್ನ ಕೊರಳಿಗೇ ಬಿತ್ತು.

ಅತ್ತೆಯ ಕ್ಯಾನ್ಸರ್ ಪಿತ್ತಕೋಶದಿಂದ ಲಿವರ್‌ಗೆ ಹಬ್ಬಿತ್ತು. ಇನ್ನು ಕೀಮೋ ಕೊಟ್ಟು ಪ್ರಯೋಜನವಿಲ್ಲ, ನೋವಿಲ್ಲದಂತೆ ನೋಡಿಕೊಳ್ಳಿ ಎಂದು ಡಾಕ್ಟರು ಹೇಳಿದ ದಿನ ಮನೆಯಲ್ಲಿ ಯಾರೂ ಅಳಲಿಲ್ಲ, ಎಲ್ಲರೂ ಫೋನು ಹಿಡಿದುಕೊಂಡರು. ನೋಡಬೇಕಾದ್ದರ ಪಟ್ಟಿ ಊರೂರಿನಿಂದ ಬಂತು. ಮೈಸೂರಿನ ಚಿಕ್ಕಪ್ಪನಿಗೆ ಕಾರು ನಿಲ್ಲಿಸಲು ಜಾಗ ಬೇಕು. ದೊಡ್ಡಮ್ಮನಿಗೆ ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಅಡಿಗೆ ಬೇಕು. ದಾವಣಗೆರೆಯ ಭಾವ ಮಾತ್ರ ದನಿ ತಗ್ಗಿಸಿ ಕೇಳಿದರು: “ಅಲ್ಲಿ ಒಂದು ಇಂಜೆಕ್ಷನ್ ಕೊಟ್ಟು ಮುಗಿಸಿಬಿಡ್ತಾರಂತಲ್ಲೋ, ನಿಜವಾ?”

ಭಾವನನ್ನು ಆಡಿಕೊಳ್ಳುವ ಹಾಗಿಲ್ಲ. ಓದಿಕೊಂಡ ಎಷ್ಟೋ ಮಂದಿ ಹಾಗೇ ತಿಳಿದಿದ್ದಾರೆ. ಇಂಜೆಕ್ಷನ್ ಕೊಟ್ಟು ಮುಗಿಸುವುದು ನಮ್ಮ ದೇಶದಲ್ಲಿ ಅಪರಾಧ. ಸುಪ್ರೀಂ ಕೋರ್ಟು 2018ರಲ್ಲಿ ಒಪ್ಪಿದ್ದು, 2023ರಲ್ಲಿ ವಿಧಾನವನ್ನು ಸರಳ ಮಾಡಿದ್ದು, ನಮ್ಮ ರಾಜ್ಯ ಸರ್ಕಾರ 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿದ್ದು ಬೇರೆಯೇ ವಿಷಯ: ಗುಣವಾಗುವ ಆಸೆಯೇ ಇಲ್ಲದವರಿಗೆ ವೆಂಟಿಲೇಟರಿನಂಥ ಸಲಕರಣೆಗಳನ್ನು ಹಾಕದಿರುವುದು ಅಥವಾ ತೆಗೆಯುವುದು, ಅದೂ ವೈದ್ಯರ ಎರಡು ಮಂಡಳಿಗಳು ಒಪ್ಪಿದ ಮೇಲೆ. ಹಾಸ್ಪೈಸ್‌ನ ಕೆಲಸವೇ ಇನ್ನೊಂದು. ಅಲ್ಲಿ ಸಾವನ್ನು ಹತ್ತಿರ ಕರೆಯುವುದೂ ಇಲ್ಲ, ದೂರ ತಳ್ಳುವುದೂ ಇಲ್ಲ. ಅದು ಬರುವ ತನಕ ಮನುಷ್ಯ ಮನುಷ್ಯನಂತೆ ಮಲಗಿ, ಕೂತು, ಸಾಧ್ಯವಾದರೆ ಕಾಫಿ ಕುಡಿದು ಇರಬೇಕು, ಅಷ್ಟೆ.

ಕೊನೆಗೆ ಪ್ರಯೋಜನಕ್ಕೆ ಬಂದದ್ದು ಅತ್ತೆಯ ಸಲಹೆಯೇ. ಮಾಧ್ಯಮಿಕ ಶಾಲೆಯ ಹೆಡ್‌ಮಿಸ್ ಆಗಿ ನಿವೃತ್ತರಾದವರು ಅವರು. “ಇನ್ಸ್‌ಪೆಕ್ಷನ್ ದಿನ ಯಾವ ಸ್ಕೂಲೂ ಕೆಟ್ಟದಾಗಿರಲ್ಲ ಕಣೋ. ಹೇಳದೆ ಹೋಗು. ಸಾಯಂಕಾಲದ ಮೇಲೆ ಹೋಗು. ಆಫೀಸ್ ರೂಮಿಗೆ ಹೋಗಬೇಡ, ಬಚ್ಚಲಿಗೆ ಹೋಗು” ಎಂದರು. ಸ್ವಂತ ಸಾವಿನ ಮನೆಯನ್ನು ಪರೀಕ್ಷಿಸುವ ಬಗ್ಗೆ ಇಷ್ಟು ತಣ್ಣಗೆ ಹೇಳಿದವರು ಮರುಕ್ಷಣ ಮಗ್ಗುಲಾಗಲು ಹೋಗಿ ಹಲ್ಲು ಕಚ್ಚಿದರು.

ಮೊದಲು ನೋಡಿದ ಜಾಗದ ಹೆಸರು ಬೇಡ. ಬಾಗಿಲಲ್ಲಿ ಕಾರಂಜಿ, ಒಳಗೆ ಕರಿಕಲ್ಲಿನ ಗಣಪತಿ, ಗೋಡೆಯ ಮೇಲೆ ಸೂರ್ಯಾಸ್ತದ ದೊಡ್ಡ ಚಿತ್ರ. ರೋಗಿಗಳು ಮಲಗಿದ ಕಡೆ ಸೂರ್ಯಾಸ್ತದ ಚಿತ್ರ ತೂಗುಹಾಕುವವರ ಮನಸ್ಸು ನನಗೆ ಅರ್ಥವಾಗುವುದಿಲ್ಲ. ಮ್ಯಾನೇಜರು ಪ್ರಾರ್ಥನಾ ಕೊಠಡಿ ತೋರಿಸಿದರು, ಸಂಗೀತ ಚಿಕಿತ್ಸೆಯ ವಿವರ ಕೊಟ್ಟರು. “ಮಾರ್ಫಿನ್ ಇದೆಯಾ?” ಎಂದೆ. “ಬೇಕಾದಾಗ ತರಿಸ್ತೀವಿ ಸಾರ್” ಎಂದರು. ಕಾಫಿ ಕುಡಿದು ಎದ್ದು ಬಂದೆ.

ಆ ಒಂದು ಉತ್ತರಕ್ಕೇ ಯಾಕೆ ಎದ್ದು ಬಂದೆ ಎನ್ನುವುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಈಗಿನ ಹಾಸ್ಪೈಸ್‌ಗಳ ತಾಯಿ ಅನ್ನಿಸಿಕೊಂಡ ಸಿಸಿಲಿ ಸಾಂಡರ್ಸ್ ಮೊದಲು ನರ್ಸು. ಬೆನ್ನುನೋವಿನಿಂದ ಆ ಕೆಲಸ ಬಿಟ್ಟು ಆಸ್ಪತ್ರೆಯಲ್ಲಿ ಸಮಾಜ ಕಾರ್ಯಕರ್ತೆಯಾದರು. ಲಂಡನ್ನಿನ ವಾರ್ಡೊಂದರಲ್ಲಿ ಡೇವಿಡ್ ಟಾಸ್ಮಾ ಎಂಬ, ಪೋಲೆಂಡಿನಿಂದ ಬಂದ ಯಹೂದಿ ಕ್ಯಾನ್ಸರಿನಲ್ಲಿ ಮಲಗಿದ್ದ. ದಿಕ್ಕಿಲ್ಲದವನು. ಇಬ್ಬರೂ ಮಾತಾಡುತ್ತ ಆಡುತ್ತ, ಸಾಯುವವರಿಗೆಂದೇ ಒಂದು ಒಳ್ಳೆಯ ಮನೆ ಹೇಗಿರಬೇಕೆಂದು ಲೆಕ್ಕ ಹಾಕಿದರು. 1948ರಲ್ಲಿ ಸಾಯುವಾಗ ಅವನು 500 ಪೌಂಡು ಆಕೆಗೆ ಬಿಟ್ಟುಹೋದ, ನಿನ್ನ ಮನೆಗೆ ಇದು ಒಂದು ಕಿಟಕಿಯಾಗಲಿ ಎಂಬ ಮಾತಿನೊಂದಿಗೆ. ನರ್ಸಿನ ಮಾತನ್ನು ಯಾರೂ ಕೇಳುವುದಿಲ್ಲ ಎಂದು ಗೊತ್ತಾಗಿ ಆಕೆ ನಡುವಯಸ್ಸಿನ ಹತ್ತಿರ ಡಾಕ್ಟರಾದರು. ಕಿಟಕಿಯ ಸುತ್ತ ಗೋಡೆ ಎದ್ದು ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ಬಾಗಿಲು ತೆರೆದದ್ದು 1967ರಲ್ಲಿ. ಹತ್ತೊಂಬತ್ತು ವರ್ಷ!

ಆಕೆಯ ಹೆಸರು ಬಂದಾಗ ಎಲ್ಲರೂ ಕರುಣೆಯ ಮಾತಾಡುತ್ತಾರೆ. ನನಗೆ ದೊಡ್ಡದಾಗಿ ಕಾಣುವುದು ಗಡಿಯಾರ. ನೋವು ಬಂದು, ರೋಗಿ ಕೂಗಿ, ಸಿಸ್ಟರ್ ಡಾಕ್ಟರನ್ನು ಹುಡುಕಿ, ಆಮೇಲೆ ಔಷಧಿ ಕೊಡುವುದು ಹಳೆಯ ಪದ್ಧತಿ. ಬಾಯಲ್ಲಿ ಕೊಡುವ ಮಾಮೂಲು ಮಾರ್ಫಿನ್ ಹೆಚ್ಚುಕಡಿಮೆ ನಾಲ್ಕು ಗಂಟೆ ಕೆಲಸ ಮಾಡುತ್ತದೆ. ಹಾಗಾದರೆ ನಾಲ್ಕು ಗಂಟೆಗೊಮ್ಮೆ, ನೋವು ಮರಳುವ ಮೊದಲೇ, ಕೇಳಲಿ ಬಿಡಲಿ, ಕೊಡಿ ಎಂದರು ಸಾಂಡರ್ಸ್. ಹೀಗೆ ಅಳೆದು ಕೊಟ್ಟರೆ ರೋಗಿ ಚಟಗಾರನಾಗುವುದಿಲ್ಲ, ಮಂಕೂ ಆಗುವುದಿಲ್ಲ ಎಂದು ರೋಗಿಗಳ ದಾಖಲೆ ಇಟ್ಟು ತೋರಿಸಿದರು. ‘ಬೇಕಾದಾಗ ತರಿಸ್ತೀವಿ’ ಎಂದರೆ ಈ ಚರಿತ್ರೆಯೆಲ್ಲ ಆ ಕಟ್ಟಡದ ಗೇಟಿನಾಚೆಯೇ ನಿಂತಿದೆ ಎಂದರ್ಥ.

ತರಿಸುವುದೂ ಸುಲಭವಾಗಿರಲಿಲ್ಲ ಅನ್ನಿ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರ್ಕಾರದ ಲೈಸೆನ್ಸಿನಲ್ಲೇ ಅಫೀಮು ಬೆಳೆದು ಹೊರದೇಶಗಳ ಔಷಧ ಕಂಪನಿಗಳಿಗೆ ಮಾರುವ ದೇಶ ನಮ್ಮದು. 1985ರ ಮಾದಕವಸ್ತು ಕಾಯ್ದೆ ಬಂದ ಮೇಲೆ ಇಲ್ಲಿನ ರೋಗಿಗಳಿಗೇ ಮಾರ್ಫಿನ್ ಸಿಗದಾಯಿತು. ಒಂದು ಡಬ್ಬಿ ಮಾತ್ರೆಗೆ ಬೇರೆಬೇರೆ ಇಲಾಖೆಗಳಿಂದ ಬೇರೆಬೇರೆ ಲೈಸೆನ್ಸು. ಒಂದು ಕೈಗೆ ಬರುವಷ್ಟರಲ್ಲಿ ಇನ್ನೊಂದರ ಅವಧಿ ಮುಗಿದಿರುತ್ತಿತ್ತು. ಕೇರಳದ ಡಾ. ಎಂ.ಆರ್. ರಾಜಗೋಪಾಲ್ ಮುಂತಾದವರು ವರ್ಷಗಟ್ಟಲೆ ಕಚೇರಿಗಳ ಮೆಟ್ಟಿಲು ಹತ್ತಿ ಇಳಿದ ಮೇಲೆ 2014ರಲ್ಲಿ ಕಾಯ್ದೆಗೆ ತಿದ್ದುಪಡಿಯಾಯಿತು. ಈಗ ರಾಜ್ಯದ ಔಷಧ ನಿಯಂತ್ರಕರ ಒಂದೇ ಮಾನ್ಯತೆ ಸಾಕು. ಆ ಮಾನ್ಯತೆಯನ್ನೂ ಪಡೆಯದೆ, ಕಪಾಟಿನಲ್ಲಿ ಮಾರ್ಫಿನ್ ಇಟ್ಟುಕೊಳ್ಳದೆ, ಹಾಸ್ಪೈಸ್ ಎಂದು ಬೋರ್ಡು ಹಾಕಿಕೊಂಡವರು ಲಾಡ್ಜ್ ನಡೆಸುತ್ತಿದ್ದಾರೆ ಎಂಬುದು ನನ್ನ ತೀರ್ಮಾನ.

ಬೋರ್ಡಿಗೆ ತಕ್ಕ ಜಾಗಗಳೂ ಇವೆ. ಭಾರತದ ಮೊದಲ ಹಾಸ್ಪೈಸ್ ಮುಂಬಯಿಯ ಶಾಂತಿ ಅವೇದನಾ ಸದನ, 1986ರದು. ಬೆಂಗಳೂರಿನಲ್ಲಿ ಹಾಸ್ಪೈಸ್ ಟ್ರಸ್ಟ್ ಹುಟ್ಟಿದ್ದು 1994ರಲ್ಲಿ. ಮೊದಲು ಮನೆಮನೆಗೆ ಹೋಗಿ ಆರೈಕೆ. 1999ರಲ್ಲಿ ಮಾರತ್ತಹಳ್ಳಿಯ ಕಡೆ ‘ಕರುಣಾಶ್ರಯ’ ಕಟ್ಟಡ. ವಾಸ್ತುಶಿಲ್ಪಿ ಸಂಜಯ್ ಮೋಹೆಯವರು ಅದನ್ನು ಆಸ್ಪತ್ರೆಯಂತೆ ಮೇಲಕ್ಕೇರಿಸದೆ ನೆಲಕ್ಕೆ ಹತ್ತಿರವಾಗಿ ಕಟ್ಟಿ, ನಡುವೆ ನೀರು ನಿಲ್ಲಿಸಿದರು. ಕೊನೆಯ ಹಂತದ ಕ್ಯಾನ್ಸರ್ ರೋಗಿಗಳಿಗೆ ಅಲ್ಲಿ ದುಡ್ಡು ತೆಗೆದುಕೊಳ್ಳುವುದಿಲ್ಲ.

ಮಾರ್ಫಿನ್ನಿನ ಜೊತೆಗೇ ಕೇಳಬೇಕಾದ ಇನ್ನೊಂದು ಪ್ರಶ್ನೆಯನ್ನು ಹೇಳಿಕೊಟ್ಟದ್ದು ನಿವೃತ್ತ ಸಿಸ್ಟರೊಬ್ಬರು: “ಮಲ ಸಡಿಲ ಮಾಡೋ ಔಷಧಿ ಜೊತೆಗೇ ಬರೀತಾರಾ ಕೇಳಿ.” ಮಾರ್ಫಿನ್ ನೋವನ್ನು ಕಟ್ಟುವಂತೆ ಹೊಟ್ಟೆಯನ್ನೂ ಕಟ್ಟುತ್ತದೆ. ಅದನ್ನು ಮರೆತವರು ಒಂದು ನೋವು ತೆಗೆದು ಇನ್ನೊಂದು ಕೊಡುತ್ತಾರೆ. ಲಲಿತ ಪ್ರಬಂಧದಲ್ಲಿ ಮಲಬದ್ಧತೆಯ ಮಾತೇ ಎಂದು ಮೂಗು ಮುರಿಯಬೇಡಿ. ಅತ್ತೆ ಆ ತಿಂಗಳುಗಳಲ್ಲಿ ಅತಿ ಹೆಚ್ಚು ಮಾತಾಡಿದ್ದು ಇದರ ಬಗ್ಗೆಯೇ, ಮೋಕ್ಷದ ಬಗ್ಗೆ ಅಲ್ಲ.

ಆಮೇಲೆ ಬೆನ್ನು. ಮಲಗಿದಲ್ಲೇ ಮಲಗಿದವರ ಸೊಂಟ, ಹಿಮ್ಮಡಿಗಳಲ್ಲಿ ಹಾಸಿಗೆ ಹುಣ್ಣು ಏಳುತ್ತದೆ. ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಮೈ ಒಣಗಿರಬೇಕು, ಬಟ್ಟೆ ಸುಕ್ಕಾಗಿರಬಾರದು. ಇದಕ್ಕೆ ಬೇಕಾದ್ದು ಯಂತ್ರವಲ್ಲ, ಕೈಗಳು. ಹೊನ್ನಾವರದ ಪಕ್ಕದ ಹಳದೀಪುರದಿಂದ ಮುಂಬಯಿಗೆ ಹೋಗಿ ಕೆಇಎಂ ಆಸ್ಪತ್ರೆಯಲ್ಲಿ ನರ್ಸಾಗಿದ್ದ ಅರುಣಾ ಶಾನಭಾಗ 1973ರ ಹಲ್ಲೆಯ ನಂತರ 2015ರ ತನಕ ಅದೇ ಆಸ್ಪತ್ರೆಯಲ್ಲಿ ಮಲಗಿದ್ದರು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋದಾಗ, ಅಷ್ಟು ವರ್ಷ ಮಲಗಿದ ಮೈಯಲ್ಲಿ ಒಂದೂ ಹಾಸಿಗೆ ಹುಣ್ಣಿಲ್ಲ ಎಂಬುದು ಅಲ್ಲಿನ ದಾಖಲೆ ಸೇರಿತು. 2011ರ ತೀರ್ಪಿನಲ್ಲಿ ನ್ಯಾಯಮೂರ್ತಿಗಳು ಆ ನರ್ಸುಗಳನ್ನು ಮನಸಾರೆ ಹೊಗಳಿದರು. ಮುನಿಸಿಪಾಲಿಟಿಯ ಆಸ್ಪತ್ರೆ, ಗದ್ದಲದ ವಾರ್ಡುಗಳು, ಕಾರಂಜಿ ಗೀರಂಜಿ ಏನೂ ಇಲ್ಲ. ಆರೈಕೆ ಹೇಗಿತ್ತೆಂದು ತಿಳಿಯಲು ಬೇರೆ ಸರ್ಟಿಫಿಕೇಟು ಬೇಡ.

ಕೈಗಳ ಲೆಕ್ಕ ಬಂದದ್ದರಿಂದ ಒಂದು ಮಾತು. ನಾನು ಎಂ.ಎ.ಗೆ ಓದುವಾಗ ‘ವಡ್ಡಾರಾಧನೆ’ ಪಠ್ಯವಾಗಿತ್ತು. ಸಾವನ್ನು ಎದುರುಗೊಂಡವರ ಹತ್ತೊಂಬತ್ತು ಕಥೆಗಳು. ಆ ವಯಸ್ಸಿಗೆ ನಮಗೆ ಪರೀಕ್ಷೆಯ ಟಿಪ್ಪಣಿಗೆ ಮಾತ್ರ ಬೇಕಾದವು. ಆ ಕಥೆಗಳ ಮೊದಲಿಗೆ ಬರುವ ಗಾಹೆಗಳ ಮೂಲ ‘ಭಗವತೀ ಆರಾಧನೆ’ ಎಂಬ ಪ್ರಾಕೃತ ಗ್ರಂಥ. ಅತ್ತೆಯ ನೆಪದಲ್ಲಿ ಅದರ ಅನುವಾದ ತಿರುವಿದೆ. ಸಲ್ಲೇಖನ, ಅಂದರೆ ಉಪವಾಸವಿದ್ದು ಪ್ರಾಣ ಬಿಡುವ ವ್ರತ, ಹಿಡಿದ ಜೈನ ಮುನಿಯ ಸೇವೆಗೆ ನಲವತ್ತೆಂಟು ಜನ ನಿರ್ಯಾಪಕರು ಇರಬೇಕೆಂದು ಅದು ಹೇಳಿ, ನಾಲ್ಕು ನಾಲ್ಕು ಜನರಿಗೆ ಕೆಲಸ ಹಂಚುತ್ತದೆ. ಎಬ್ಬಿಸಿ ಕೂರಿಸಲು, ಮಗ್ಗುಲಾಗಿಸಲು ನಾಲ್ವರು. ಧರ್ಮಕಥೆ ಹೇಳಲು ನಾಲ್ವರು. ಮಲಮೂತ್ರ ತೆಗೆದು ಶುಚಿ ಮಾಡಲು ನಾಲ್ವರು. ಬಾಗಿಲು ಕಾಯಲು, ರಾತ್ರಿ ಎಚ್ಚರವಿರಲು, ನೋಡಲು ಬಂದ ಜನಕ್ಕೆ ಉತ್ತರ ಹೇಳಲು ಬೇರೆಬೇರೆಯವರು. ಕಾಲ ಕೆಟ್ಟು ಇಷ್ಟು ಜನ ಸಿಗದಿದ್ದರೆ ಕಡಿಮೆ ಮಾಡಬಹುದು. ಎಷ್ಟೇ ಕಡಿಮೆಯಾದರೂ ಇಬ್ಬರು ಇರಲೇಬೇಕು. ಒಬ್ಬನೇ ಆದರೆ ಅವನು ಭಿಕ್ಷೆಗೆ ಹೋದಾಗ ಮಲಗಿದವನನ್ನು ನೋಡುವವರಾರು?

ಸಲ್ಲೇಖನ ವ್ರತ, ಕ್ಯಾನ್ಸರ್ ವ್ರತವಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕುತ್ತಿಲ್ಲ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ನಿಸಿದಿ ಶಾಸನಗಳಲ್ಲಿ ಹೀಗೆ ಪ್ರಾಣ ಬಿಟ್ಟವರ ಹೆಸರಿದೆ. ಪಕ್ಕದಲ್ಲಿ ಎಚ್ಚರವಿದ್ದು ಮಗ್ಗುಲು ಬದಲಿಸಿದವರು ಯಾರೋ. ಆದರೂ ‘ಭಗವತೀ ಆರಾಧನೆ’ ಬರೆದ ಶಿವಾರ್ಯನ ಲೆಕ್ಕಾಚಾರ ನೋಡಿ, ಇಷ್ಟು ಶತಮಾನಗಳಾದ ಮೇಲೂ ಒಂದು ಒಳ್ಳೆಯ ಹಾಸ್ಪೈಸ್‌ನ ಡ್ಯೂಟಿ ಪಟ್ಟಿಯಾಗಿ ಗೋಡೆಗೆ ಅಂಟಿಸಬಹುದು. ಕಥೆ ಹೇಳುವವರನ್ನೂ, ನೆಂಟರನ್ನು ಸಂಭಾಳಿಸುವವರನ್ನೂ ಅವನು ಮರೆತಿಲ್ಲ. ದಾವಣಗೆರೆಯ ಭಾವನಂಥವರು ಆಗಲೂ ಇದ್ದಿರಬೇಕು.

ಎರಡನೆಯ ಜಾಗಕ್ಕೆ ಅತ್ತೆ ಹೇಳಿದಂತೆ ಹೊತ್ತು ಮುಳುಗಿದ ಮೇಲೆ ಹೋದೆ. ಹಳೆಯ ಬಂಗಲೆ, ಕಾರು ನಿಲ್ಲಿಸಲು ಜಾಗವಿಲ್ಲ, ಚಿಕ್ಕಪ್ಪನ ಓಟು ಬೀಳುವುದಿಲ್ಲ. ಬಚ್ಚಲಲ್ಲಿ ಹಿಡಿಕೆ ಇತ್ತು, ನೆಲ ಒಣಗಿತ್ತು. ಫಿನಾಯಿಲ್ ವಾಸನೆ ಇತ್ತು, ಅದನ್ನು ಮುಚ್ಚಿಕೊಳ್ಳಲು ಊದುಬತ್ತಿ ಇರಲಿಲ್ಲ. ಸಿಸ್ಟರ್ ಒಬ್ಬರು ಒದ್ದೆ ಗಾಜ್‌ನಿಂದ ಒಬ್ಬ ಮುದುಕರ ತುಟಿ, ನಾಲಗೆ ಒರೆಸುತ್ತಿದ್ದರು. “ರಾತ್ರಿ ಎರಡಕ್ಕೆ ಯಾರಿರ್ತಾರೆ?” ಎಂದೆ. “ನಾನು ಮತ್ತೆ ಇವರು” ಎಂದು ಆಯಾ ಕಡೆ ತೋರಿಸಿದರು. “ಡಾಕ್ಟರ್ ಫೋನಲ್ಲಿ ಸಿಗ್ತಾರೆ. ನೋವಿನ ಔಷಧಿ ಹೆಚ್ಚು ಮಾಡೋಕೆ ಅವರು ಮೊದಲೇ ಬರೆದಿಟ್ಟಿರ್ತಾರೆ, ಕಾಯಬೇಕಾಗಿಲ್ಲ.” ಗೋಡೆಯ ಚಾರ್ಟಿನಲ್ಲಿ ನೋವಿಗೆ ಸೊನ್ನೆಯಿಂದ ಹತ್ತರ ತನಕ ಅಂಕ, ಪಕ್ಕದಲ್ಲಿ ಗಂಟೆ. ಅತ್ತೆಗೆ ಇದು ಹಿಡಿಸುತ್ತದೆ ಎಂದುಕೊಂಡೆ. ಜೀವಮಾನವಿಡೀ ಅಂಕ ಕೊಟ್ಟವರು.

ಇನ್ನೊಂದು ಸಂಗತಿ ನನ್ನನ್ನು ಬೆರಗುಗೊಳಿಸಿತು. ಅಂದು ಒಬ್ಬಾಕೆ ಅಲ್ಲಿಂದ ಮನೆಗೆ ಹೊರಟಿದ್ದರು, ಮಗನ ಜೊತೆ, ಆಟೋದಲ್ಲಿ. ನೋವು ಹತೋಟಿಗೆ ಬಂತು, ಔಷಧಿ ಕೊಡುವುದನ್ನು ಮಗನಿಗೆ ಕಲಿಸಿಯಾಯಿತು, ಮಾಗಡಿಗೆ ಹೋಗುತ್ತಾರೆ, ಬೇಕಾದರೆ ಮತ್ತೆ ಬರುತ್ತಾರೆ ಎಂದರು ಸಿಸ್ಟರ್. ಹಾಸ್ಪೈಸ್ ಎಂದರೆ ಒಳಗೆ ಹೋಗುವ ಬಾಗಿಲು ಮಾತ್ರ ಎಂದುಕೊಂಡಿದ್ದ ನಮ್ಮ ಬಳಗಕ್ಕೆ ಈ ಸುದ್ದಿ ತಲುಪಿದ ಮೇಲೆ ಅರ್ಧ ಆತಂಕ ತಣ್ಣಗಾಯಿತು. ಅಡ್ಮಿಟ್ ಮಾಡಿಕೊಂಡವರನ್ನೆಲ್ಲ ಕೊನೆತನಕ ಹಿಡಿದಿಟ್ಟುಕೊಳ್ಳುವ ಜಾಗದ ಬಗ್ಗೆ ನನಗೀಗ ಅನುಮಾನ.

ಅತ್ತೆಯೂ ಒಮ್ಮೆ ಹೋಗಿ, ಮನೆಗೆ ಬಂದು, ಮತ್ತೆ ಹೋಗಿ, ಅಲ್ಲೇ ತೀರಿಕೊಂಡರು. ಔಷಧಿ ತಡವಾದ ದಿನ ಚಾರ್ಟಿನಲ್ಲಿ ಕೆಂಪು ಗೆರೆ ಎಳೆಸಿದರಂತೆ. ತನಗೆ ಏನಾಗುತ್ತಿದೆ ಎಂದು ಡಾಕ್ಟರಮ್ಮನನ್ನು ಕೇಳಿದಾಗ ಆಕೆ ಕುರ್ಚಿ ಎಳೆದುಕೊಂಡು ಕೂತು ಹೇಳಿದರು. ನಿಂತುಕೊಂಡಲ್ಲ, ನಮ್ಮ ಕಡೆ ನೋಡಿಕೊಂಡೂ ಅಲ್ಲ. ಎಲ್ಲ ಮುಗಿದು ತಿಂಗಳಾದ ಮೇಲೆ ಅದೇ ಸಿಸ್ಟರ್ ಫೋನು ಮಾಡಿ ಮಾವ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಾರಾ ಎಂದು ಕೇಳಿದರು. ಮಾಡುತ್ತಿರಲಿಲ್ಲ. ಹೇಗೆ ಗೊತ್ತಾಯಿತೋ.

ನಿಮ್ಮ ಊರಲ್ಲೂ ಇಂಥದೊಂದು ಮನೆ ಇದ್ದರೆ, ಇಲ್ಲವೇ ಮನೆಗೇ ಬಂದು ನೋಡಿಕೊಳ್ಳುವ ತಂಡವಿದ್ದರೆ, ನಿಮ್ಮಲ್ಲಿ ಎಲ್ಲರೂ ಗಟ್ಟಿಮುಟ್ಟಾಗಿರುವಾಗಲೇ ಒಮ್ಮೆ ಹೋಗಿ ನೋಡಿ ಬನ್ನಿ. ರೋಗಿ ಮನೆಯಲ್ಲಿ ನರಳುತ್ತಿರುವಾಗ ಇಷ್ಟೆಲ್ಲ ಪ್ರಶ್ನೆ ಕೇಳುವ ತ್ರಾಣ ಯಾರಿಗೂ ಇರುವುದಿಲ್ಲ. ಹೋಗುವಾಗ ಒಂದು ದಿನಪತ್ರಿಕೆ ಹಿಡಿದುಕೊಳ್ಳಿ, ಓದಿಸಿಕೊಳ್ಳುವವರು ಒಬ್ಬರಾದರೂ ಸಿಗುತ್ತಾರೆ. ರೋಗಿಗಳ ಊಟದ ಹೊತ್ತಿಗೆ ಮಾತ್ರ ಹೋಗಬೇಡಿ, ಆಗ ಸಿಸ್ಟರುಗಳಿಗೆ ಕೈಬಿಡುವು ಇರುವುದಿಲ್ಲ.