ಸಂತೆಬಾಚಹಳ್ಳಿಯಲ್ಲಿ ಬಿಚ್ಚಿದ ಇಂಡಿಕೇಟರ್

ಹಳೆಯ ಕಾರಿನ ಇಂಡಿಕೇಟರ್ ಕೈಕೊಟ್ಟಾಗ ಎಲ್ಲರೂ ಮೊದಲು ಅನುಮಾನಿಸುವುದು ಬಲ್ಬನ್ನು, ಆಮೇಲೆ ಫ್ಲ್ಯಾಷರನ್ನು. ದೋಷ ಎಷ್ಟೋ ಸಲ ಈ ಎರಡರಲ್ಲೂ ಇರುವುದಿಲ್ಲ. ಕರೆಂಟ್ ಬ್ಯಾಟರಿಗೆ ಮರಳುವ ದಾರಿ, ಅಂದರೆ ಅರ್ಥ್, ತುಕ್ಕು ಹಿಡಿದು ಮುಚ್ಚಿಹೋಗಿರುತ್ತದೆ. ಶ್ರೀರಂಗಪಟ್ಟಣದಿಂದ ಪಾಂಡವಪುರ, ಕೆ.ಆರ್. ಪೇಟೆ ಹಾದು ಬಂದ ನಮ್ಮ ಪ್ರೀಮಿಯರ್ ಪದ್ಮಿನಿಗೆ ಸಂತೆಬಾಚಹಳ್ಳಿಯಲ್ಲಿ ಆಗಿದ್ದೂ ಅದೇ. ದಾರಿಯುದ್ದದ ನಾಲೆ, ಗದ್ದೆ, ದೇವಸ್ಥಾನಗಳಿಗಿಂತ ಹೆಚ್ಚು ಹೊತ್ತು ಹಿಡಿದದ್ದು ಆ ಒಂದು ದೀಪ.

ಪದ್ಮಿನಿ ಮುಂಬೈನ ಕುರ್ಲಾದಲ್ಲಿ ತಯಾರಾಗುತ್ತಿದ್ದ ಕಾರು. 1964ರಲ್ಲಿ ಫಿಯಟ್ 1100 ಡಿಲೈಟ್ ಆಗಿ ಬಂದದ್ದಕ್ಕೆ 1970ರ ದಶಕದಲ್ಲಿ ಈ ಹೆಸರು ಬಂತು. ಇದರ ವಿದ್ಯುತ್ ವ್ಯವಸ್ಥೆ 12 ವೋಲ್ಟಿನದು. ಆ ಕಾಲದ ಫ್ಲ್ಯಾಷರಿನೊಳಗೆ ಕರೆಂಟ್ ಹರಿದಾಗ ಬಿಸಿಯಾಗಿ ಬಾಗುವ ಲೋಹದ ಪಟ್ಟಿ ಇರುತ್ತದೆ. ಬಾಗಿದರೆ ಸಂಪರ್ಕ ತಪ್ಪುತ್ತದೆ, ತಣ್ಣಗಾದರೆ ಮತ್ತೆ ಕೂಡುತ್ತದೆ. ದೀಪ ಮಿನುಗುವುದು ಹೀಗೆ. ಮುಂದೊಂದು ಹಿಂದೊಂದು 21 ವ್ಯಾಟ್ ಬಲ್ಬ್ ಉರಿದರೆ ಸುಮಾರು 3.5 ಆಂಪಿಯರ್ ಹರಿಯುತ್ತದೆ. ಪಟ್ಟಿ ಬಾಗಲು ಅಷ್ಟು ಬೇಕು. ಒಂದು ಬಲ್ಬ್ ಹೋದರೆ, ಅಥವಾ ಅರ್ಥ್ ಸಡಿಲವಾದರೆ, ಕರೆಂಟ್ ತಗ್ಗಿ ದೀಪ ಮಿನುಗದೆ ಸುಮ್ಮನೆ ಉರಿಯುತ್ತಲೇ ಇರುತ್ತದೆ. ಎಲೆಕ್ಟ್ರಾನಿಕ್ ಫ್ಲ್ಯಾಷರಿನಲ್ಲಿ ಲಕ್ಷಣ ತಿರುಗಾಮುರುಗ: ಬಲ್ಬ್ ಹೋದರೆ ಮಿನುಗು ಚುರುಕಾಗುತ್ತದೆ. ಆದ್ದರಿಂದ ಕಾರಿನಲ್ಲಿರುವುದು ಯಾವ ಬಗೆಯದು ಎಂದು ಮೊದಲು ನೋಡಿಕೊಳ್ಳಬೇಕು.

ಸಂತೆಬಾಚಹಳ್ಳಿಯಲ್ಲಿ ಎಡಕ್ಕೆ ಕಡ್ಡಿ ಒತ್ತಿದರೆ ಮುಂದಿನ ದೀಪ ಚೆನ್ನಾಗಿ ಉರಿಯುತ್ತಿತ್ತು, ಹಿಂದಿನದು ಮಂಕು. ಬಲಗಡೆ ಯಾವ ತೊಂದರೆಯೂ ಇರಲಿಲ್ಲ. ಎರಡೂ ಕಡೆಗೆ ಇರುವುದು ಒಂದೇ ಫ್ಲ್ಯಾಷರ್ ಆದ್ದರಿಂದ ಇಷ್ಟರಲ್ಲೇ ಅದು ನಿರಪರಾಧಿ ಎಂದು ಗೊತ್ತಾಗಬೇಕು. ಟ್ರ್ಯಾಕ್ಟರ್ ವೈರಿಂಗ್ ಮಾಡುವ ಹಿರಿಯರೊಬ್ಬರು ಪಾರ್ಕಿಂಗ್ ಲೈಟನ್ನೂ ಹಾಕಿಸಿದರು. ಕರೆಂಟ್ ನೆಟ್ಟಗೆ ಮರಳಲಾರದೆ ಪಕ್ಕದ ಬಲ್ಬಿನೊಳಗೆ ದಾರಿ ಹುಡುಕುತ್ತಿತ್ತು, ಎರಡೂ ಮಂಕಾದವು. “ಫ್ಲ್ಯಾಷರ್ ತಗೀಬ್ಯಾಡಿ ಸಾ, ಅರ್ಥ್ ಹಿಡೀತಾ ಇಲ್ಲ” ಎಂದರು.

ಖಚಿತಪಡಿಸಿಕೊಳ್ಳಲು ಒಂದು ತುಂಡು ವೈರ್ ಸಾಕು. ಅದರ ಒಂದು ತುದಿಯನ್ನು ಹೋಲ್ಡರಿನ ಹೊರಮೈಗೂ ಇನ್ನೊಂದನ್ನು ಬಣ್ಣವಿಲ್ಲದ ಬರಿಯ ಲೋಹಕ್ಕೂ ತಾಗಿಸಿದಾಗ ದೀಪ ಹೊಳೆದರೆ ಅರ್ಥ್ ಕೆಟ್ಟಿದೆ ಎಂದೇ ಅರ್ಥ. ಇಲ್ಲಿ ಹೊಳೆಯಿತು. ಹೋಲ್ಡರ್ ಬಿಚ್ಚಿದಾಗ ಸ್ಕ್ರೂ ಕೆಳಗೆ ಕಂದು ಪುಡಿ, ಹಿತ್ತಾಳೆಯ ಮೇಲೆ ಹಸಿರು ಕಿಲುಬು ಕಂಡವು. ಉಪ್ಪುಕಾಗದದಲ್ಲಿ ಉಜ್ಜಿ, ಸ್ಕ್ರೂ ಬಿಗಿದು, ಕೂಡಿಸಿದ ಜಾಗದ ಮೇಲೆ ತುಸು ಗ್ರೀಸ್ ಸವರಿದ ಮೇಲೆ ಮಿನುಗು ಸರಿಯಾಯಿತು. ಅಂಗಡಿಯಿಂದ ಏನನ್ನೂ ಕೊಳ್ಳಬೇಕಾಗಲಿಲ್ಲ. ದೊಡ್ಡ ಊರುಗಳಲ್ಲಿ ಪರೀಕ್ಷೆಗೆ ಮೊದಲೇ ಹೊಸ ಫ್ಲ್ಯಾಷರ್ ಹಾಕಿ ಬಿಲ್ ಕೈಗಿಡುವ ಪದ್ಧತಿ ತಪ್ಪು. ಹಳೆಯ ಕಾರಿನ ಮಾಲೀಕರು ಅದನ್ನು ಒಪ್ಪಿಕೊಳ್ಳಬಾರದು. ಎರಡೂ ಕಡೆಯ ದೀಪಗಳು ಸತ್ತಿದ್ದರೆ ಮಾತ್ರ ಮೊದಲು ಫ್ಯೂಸ್ ನೋಡಿ, ನಂತರ ಫ್ಲ್ಯಾಷರಿನ ಎರಡು ವೈರ್‌ಗಳನ್ನು ನೇರ ಕೂಡಿಸಬೇಕು. ಆಗ ದೀಪಗಳು ಬಿಡದೆ ಉರಿದರೆ ಫ್ಲ್ಯಾಷರ್ ಬದಲಿಸುವುದು ನ್ಯಾಯ. ಹಳೆಯ ಫ್ಲ್ಯಾಷರಿಗೆ ಎಲ್‌ಇಡಿ ಬಲ್ಬ್ ಹೊಂದುವುದಿಲ್ಲ, ಅದು ಎಳೆಯುವ ಕರೆಂಟಿಗೆ ಪಟ್ಟಿ ಬಿಸಿಯೇ ಆಗದು.

ಈ ಸೀಮೆಯಲ್ಲಿ ಇದು ಸಣ್ಣ ರಿಪೇರಿಯಲ್ಲ. ಕಬ್ಬು ಕಡಿಯುವ ತಿಂಗಳುಗಳಲ್ಲಿ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಕಟ್ಟಿಕೊಂಡು, ರಸ್ತೆಯ ಅರ್ಧಕ್ಕೆ ಜಲ್ಲೆ ಚಾಚಿ, ಹಿಂದೆ ಒಂದು ಕೆಂಪು ದೀಪವೂ ಇಲ್ಲದೆ ಹೋಗುತ್ತವೆ. ತಿರುಗುವ ಮುನ್ನ ಸಂಜ್ಞೆ ಕೊಡಬೇಕೆನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆಯ 121ನೇ ಕಲಂ. ದೀಪ ಕೆಟ್ಟರೆ ಕೈಸನ್ನೆ ಇದೆ: ಬಲಕ್ಕಾದರೆ ಬಲಗೈ ನೇರ ಹೊರಚಾಚಿ ಅಂಗೈ ಮುಂದಕ್ಕೆ, ಎಡಕ್ಕಾದರೆ ಚಾಚಿದ ಕೈಯನ್ನು ಗಡಿಯಾರದ ವಿರುದ್ಧ ದಿಕ್ಕಿಗೆ ಸುತ್ತಿಸುವುದು. ಕತ್ತಲಾದ ಮೇಲೆ ನಾಗಮಂಗಲದ ದಾರಿ ಹಿಡಿಯುವವರಿಗೆ ಇದು ಉಪಯೋಗಕ್ಕೆ ಬಾರದು. ಅದಕ್ಕೇ ಹೊರಡುವ ಮೊದಲು ನಾಲ್ಕೂ ಮೂಲೆಯ ದೀಪಗಳನ್ನು ಕಾರಿನಿಂದಿಳಿದು ನೋಡಬೇಕು, ಜೊತೆಗೆ ಎರಡು ಬಿಡಿ ಬಲ್ಬ್, ಒಂದು ಟೆಸ್ಟ್ ಲ್ಯಾಂಪ್, ಒಂದು ಮಾರು ವೈರ್ ಡಿಕ್ಕಿಯಲ್ಲಿರಬೇಕು.