ಎಳೆಯ ಕಣಗಳು

ಆಗಸ್ಟ್ 4, 2025, ಸೋಮವಾರ. ಫಳ್ನೀರ್

ಆಟಿಯ ಮಳೆ ಬೆಳಗಿನಿಂದ ಬಿಟ್ಟಿಲ್ಲ. ಕಟ್ಟಡದ ಕೆಲಸಕ್ಕೆ ಕೊಪ್ಪಳದ ಕಡೆಯಿಂದ ಬಂದ ಹುಡುಗನೊಬ್ಬ ನಡುಗುತ್ತ ಲ್ಯಾಬಿಗೆ ಬಂದ. ಲೀಶ್‌ಮನ್ ಬಣ್ಣ ಹಾಕಿ ನೋಡಿದರೆ ವೈವಾಕ್ಸ್ ಮಲೇರಿಯಾ. ಕೆಂಪು ಕಣ ಉಬ್ಬಿದೆ, ಒಳಗೆ ನಸುಗೆಂಪು ಚುಕ್ಕೆಗಳು, ನಡುವೆ ಕಂದು ಪುಡಿ. "ರಕ್ತಾ ಎಲ್ಲಾ ತಿಂದ ಬಿಟ್ಟಾವೇನ್ರಿ ಅಕ್ಕಾರ?" ಎಂದು ಕೇಳಿದ. ಎಲ್ಲ ತಿನ್ನುವುದಿಲ್ಲ ತಮ್ಮಾ ಎಂದೆ. ಅದು ಸಮಾಧಾನದ ಮಾತಷ್ಟೇ ಅಲ್ಲ. ವೈವಾಕ್ಸ್ ಹುಡುಕುವುದು ಮಜ್ಜೆಯಿಂದ ಆಗಷ್ಟೇ ಹೊರಬಿದ್ದ ಎಳೆಯ ಕಣವನ್ನು, ರೆಟಿಕ್ಯುಲೋಸೈಟನ್ನು. ನೂರರಲ್ಲಿ ಒಂದೆರಡು ಮಾತ್ರ ಅಂಥವು.

ರಕ್ತ ಕಡಿಮೆಯಾದರೆ ಮೂತ್ರಪಿಂಡಕ್ಕೆ ಆಮ್ಲಜನಕದ ಕೊರತೆ ತಿಳಿಯುತ್ತದೆ. ಅದು ಎರಿಥ್ರೊಪೊಯೆಟಿನ್ ಕಳಿಸುತ್ತದೆ, ಮಜ್ಜೆ ಹೊಸ ಕಣಗಳನ್ನು ಹೆಚ್ಚಿಸುತ್ತದೆ. ಆದರೆ ಮಲೇರಿಯಾದ ಉರಿಯೂತ ಮಜ್ಜೆಯ ಕೈ ಕಟ್ಟಿಹಾಕುತ್ತದೆ. ಜ್ವರ ಇಳಿದ ಮೇಲೇ ಎಳೆಯ ಕಣಗಳು ಗುಂಪಾಗಿ ಹೊರಬರುವುದು.

ಆಗಸ್ಟ್ 8, ಶುಕ್ರವಾರ

ತರಬೇತಿಗೆ ಬಂದ ಹುಡುಗಿಗೆ ಹಿಮೋಗ್ಲೋಬಿನ್ನಿನ ಹೀಮ್ ತಯಾರಾಗುವ ಬಗೆಯನ್ನು ಹೇಳಿಕೊಟ್ಟೆ. ಗ್ಲೈಸಿನ್, ಸಕ್ಸಿನೈಲ್ ಕೋ-ಎ ಸೇರಿ ಎಎಲ್‌ಎ. ಅಲ್ಲಿಂದ ಮುಂದೆ ನಾಲ್ಕು ಪೈರೋಲ್ ಉಂಗುರಗಳು ಬೆಸೆದು ಪಾರ್ಫಿರಿನ್. ಒಟ್ಟು 8 ಕಿಣ್ವಗಳ ಕೆಲಸ. ಕಬ್ಬಿಣ ಬಂದು ಕೂರುವುದು ಕಟ್ಟಕಡೆಗೆ. ಕಬ್ಬಿಣ ಸಾಲದಿದ್ದರೆ ಆ ಜಾಗದಲ್ಲಿ ಸತು ಕೂರುತ್ತದೆ. ನನಗೆ ಇದರಲ್ಲಿ ಅತಿ ಚಂದ ಕಾಣುವುದು ಇನ್ನೊಂದು ಸಂಗತಿ: ಹೀಮ್ ಕಡಿಮೆಯಿದ್ದರೆ ಎಚ್‌ಆರ್‌ಐ ಎಂಬ ಕಿಣ್ವ ಎಚ್ಚೆತ್ತು ಗ್ಲೋಬಿನ್ ತಯಾರಿಯನ್ನೇ ತಡೆಯುತ್ತದೆ. ಹೀಮ್ ಸಿಗದ ಗ್ಲೋಬಿನ್ ರಾಶಿ ಬಿದ್ದು ಎಳೆಯ ಕಣ ಹಾಳಾಗಬಾರದಲ್ಲ. ಹಿಮೋಗ್ಲೋಬಿನ್ನಿನ ಭಾಗವಾದ ಹೀಮೇ ಅದರ ತಯಾರಿಯ ಲಗಾಮನ್ನೂ ಹಿಡಿದಿದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಪದ್ಮನಾಭನ್ ಹೀಮಿನ ಬೆನ್ನು ಹತ್ತಿದ್ದನ್ನೂ ಹೇಳಿದೆ. ಹಿಮೋಗ್ಲೋಬಿನ್ ತಿಂದೇ ಬದುಕುವ ಮಲೇರಿಯಾ ಪರೋಪಜೀವಿ ತನ್ನ ಹೀಮನ್ನು ತಾನೇ ಹೊಸದಾಗಿ ಕಟ್ಟಿಕೊಳ್ಳುತ್ತದೆ ಎಂದು 1992ರಲ್ಲಿ ನಮಿತಾ ಸುರೋಲಿಯಾ ಮತ್ತು ಅವರು ತೋರಿಸಿದರು. "ಸುತ್ತ ಬೇಕಾದಷ್ಟು ಉಂಟಲ್ಲ ಮೇಡಂ, ಮತ್ತೆ ಯಾಕೆ ಮಾಡುವುದು?" ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ಅವರನ್ನೂ ಅದು ಬಿಟ್ಟಿರಲಿಲ್ಲ.

ಆಗಸ್ಟ್ 13, ಬುಧವಾರ

ಕೊಪ್ಪಳದ ಹುಡುಗ ಬಂದಿದ್ದ. ಜ್ವರವಿಲ್ಲ. ಸ್ಲೈಡಿನಲ್ಲಿ ಪರೋಪಜೀವಿ ಇಲ್ಲ, ರೆಟಿಕ್ಯುಲೋಸೈಟ್ ಏರಿವೆ. ಇನ್ನು ಗುಳಿಗೆ ಯಾಕೆ ಎಂದ. ಯಕೃತ್ತಿನಲ್ಲಿ ಮಲಗಿರುವವು ತಿಂಗಳುಗಳ ಮೇಲೂ ಏಳುತ್ತವೆ, ಡಾಕ್ಟರು ಬರೆದ 14 ದಿನದ ಪ್ರಿಮಾಕ್ವಿನ್ ಅವಕ್ಕೇ ಎಂದು ಗಟ್ಟಿಯಾಗಿ ಹೇಳಿದೆ. ಮೇಸ್ತ್ರಿಗೂ ಫೋನ್ ಮಾಡಿಸಿದೆ.

ಆಗಸ್ಟ್ 20, ಬುಧವಾರ

ಸೊಳ್ಳೆ ದಿನ. 1897ರ ಈ ದಿನ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಪರೋಪಜೀವಿಯನ್ನು ಗುರುತಿಸಿದ್ದು ಅದರೊಳಗಿನ ಕಪ್ಪು ಕಣಗಳಿಂದ. ಹುಸೇನ್ ಖಾನ್ ಎಂಬ ರೋಗಿ ಆ ಸೊಳ್ಳೆಗಳಿಗೆ ತನ್ನ ಮೈಯೊಡ್ಡಿದ್ದ. ರಾಸ್ ಕಂಡ ಕಪ್ಪು, ನಾನು ಸ್ಲೈಡಿನಲ್ಲಿ ಕಾಣುವ ಕಂದು, ಎರಡೂ ಹಿಮೋಜೋಯಿನ್: ಬಿಡಿ ಹೀಮ್ ವಿಷವಾದ್ದರಿಂದ ಪರೋಪಜೀವಿ ಅದನ್ನು ಹರಳುಗಟ್ಟಿಸಿ ಇಡುತ್ತದೆ. ಕ್ಲೋರೋಕ್ವಿನ್ ಆ ಹರಳುಗಟ್ಟುವಿಕೆಯನ್ನೇ ತಡೆಯುತ್ತದೆ.

ಹುಡುಗಿಯ ಪ್ರಶ್ನೆಗೆ ಉತ್ತರ ಇದ್ದದ್ದೂ ಸೊಳ್ಳೆಯಲ್ಲೇ. 2013ರಲ್ಲಿ ಪದ್ಮನಾಭನ್ ತಂಡ ಇಲಿಯ ಮಲೇರಿಯಾ ಪರೋಪಜೀವಿಯಿಂದ ಹೀಮ್ ಕಟ್ಟುವ ಮೊದಲ ಮತ್ತು ಕೊನೆಯ ಕಿಣ್ವಗಳ ಜೀನುಗಳನ್ನು ತೆಗೆದು ನೋಡಿತು. ರಕ್ತದಲ್ಲಿ ಅವು ಬೆಳೆದವು, ಆತಿಥೇಯನ ಹೀಮ್ ಸಾಕಾಯಿತು. ಸೊಳ್ಳೆಯಲ್ಲೂ ಯಕೃತ್ತಿನಲ್ಲೂ ಸೋತವು. ರಕ್ತದ ಹಂತದಲ್ಲಿ ಇದೇ ಔಷಧದ ಗುರಿಯಾಗಬಹುದು ಎಂದು 1992ರಲ್ಲಿ ಆಶಿಸಿದ್ದ ಪ್ರಯೋಗಾಲಯವೇ, ಗುರಿ ಬೇರೆಡೆ ಇದೆ ಎಂದು ಪುರಾವೆ ಸಮೇತ ಬರೆಯಿತು. ಇಪ್ಪತ್ತು ವರ್ಷ ಒಂದೇ ಪ್ರಶ್ನೆಯೊಡನೆ ಇದ್ದು ಹಾಗೆ ಬರೆಯುವವರ ಮೇಲೆ ನನಗೆ ತುಂಬ ಗೌರವ. ಆ ಲೇಖನವನ್ನು ಮುದ್ರಿಸಿ ಹುಡುಗಿಗೆ ಕೊಟ್ಟಿದ್ದೇನೆ. ಶನಿವಾರ ಮಧ್ಯಾಹ್ನ ಇಬ್ಬರೂ ಕೂತು ಓದುವುದು.